ಎರಡು ಆಂಟಿವೈರಸ್ ಹಾಕಿಕೊಂಡರೆ ಕಂಪ್ಯೂಟರಿಗೆ ಎರಡರಷ್ಟು ರಕ್ಷಣೆ ಸಿಗುತ್ತದೆಯೇ?

ಮನೆಯ ಬಾಗಿಲಿಗೆ ಒಂದರ ಬದಲು ಎರಡು ಬೀಗ ಹಾಕಿದರೆ ಕಳ್ಳನಿಗೆ ಕೆಲಸ ಹೆಚ್ಚು. ಈ ಲೆಕ್ಕವನ್ನೇ ನಮ್ಮಲ್ಲಿ ಅನೇಕರು ಕಂಪ್ಯೂಟರಿಗೂ ಅನ್ವಯಿಸುತ್ತಾರೆ. ಲ್ಯಾಪ್‌ಟಾಪ್ ಕೊಂಡಾಗಲೇ ಅದರಲ್ಲೊಂದು ಆಂಟಿವೈರಸ್ಸಿನ ಟ್ರಯಲ್ ಆವೃತ್ತಿ ಬಂದಿರುತ್ತದೆ. ಅಂಗಡಿಯವರು ಇನ್ನೊಂದನ್ನು ಹಾಕಿಕೊಟ್ಟಿರುತ್ತಾರೆ. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಿನಲ್ಲಿ ವೈರಸ್ ಕಾಣಿಸಿಕೊಂಡಾಗ, ಉಚಿತವಾಗಿ ಸಿಗುವ ಮೂರನೆಯದನ್ನು ನಾವೇ ಇಳಿಸಿಕೊಂಡಿರುತ್ತೇವೆ. "ಇದು ಬಿಟ್ಟಿದ್ದನ್ನು ಅದು ಹಿಡಿಯುತ್ತದೆ" ಎನ್ನುವುದು ನಮ್ಮ ಸಮಾಧಾನ.

ಈ ನಂಬಿಕೆ ತಪ್ಪು. ಸದಾ ಎಚ್ಚರವಿದ್ದು ಕಾಯುವ ಎರಡು ಆಂಟಿವೈರಸ್‌ಗಳು ಒಂದೇ ಕಂಪ್ಯೂಟರಿನಲ್ಲಿದ್ದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ. ಅವು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುತ್ತವೆ, ಕಂಪ್ಯೂಟರನ್ನು ನಿಧಾನ ಮಾಡುತ್ತವೆ. ಕೆಲವೊಮ್ಮೆ ಎರಡೂ ಇದ್ದು ಎರಡೂ ಕೆಲಸ ಮಾಡದ ಸ್ಥಿತಿಯೂ ಬರಬಹುದು. ಹೀಗೇಕೆ ಎಂದು ತಿಳಿಯಲು ಆಂಟಿವೈರಸ್ ಕೆಲಸ ಮಾಡುವ ಬಗೆಯನ್ನು ಮೊದಲು ನೋಡೋಣ.

ಆಂಟಿವೈರಸ್ ಎಲ್ಲಿ ನಿಂತಿರುತ್ತದೆ?

ಆಂಟಿವೈರಸ್ ತಂತ್ರಾಂಶ ಮುಖ್ಯವಾಗಿ ಎರಡು ಬಗೆಯ ಕೆಲಸ ಮಾಡುತ್ತದೆ. ಒಂದು, ನಾವು ಹೇಳಿದಾಗ ಕಂಪ್ಯೂಟರನ್ನೆಲ್ಲ ಜಾಲಾಡಿ ಪಟ್ಟಿ ಕೊಡುವುದು. ಇದನ್ನು ಸ್ಕ್ಯಾನ್ ಎನ್ನುತ್ತೇವೆ. ಇನ್ನೊಂದು, ನಾವು ಏನೂ ಹೇಳದಿದ್ದರೂ ಹಗಲಿರುಳು ಕಾಯುವುದು. ಇದಕ್ಕೆ ರಿಯಲ್ ಟೈಮ್ ಪ್ರೊಟೆಕ್ಷನ್ ಎಂದು ಹೆಸರು. ಜಗಳ ಹುಟ್ಟುವುದು ಈ ಎರಡನೆಯ ಕೆಲಸದಲ್ಲಿ.

ನಾವು ಒಂದು ವರ್ಡ್ ಫೈಲಿನ ಮೇಲೆ ಕ್ಲಿಕ್ ಮಾಡಿದೆವು ಎಂದಿಟ್ಟುಕೊಳ್ಳಿ. ಆ ಕೋರಿಕೆ ಕಾರ್ಯಾಚರಣ ವ್ಯವಸ್ಥೆಯ ಒಳಭಾಗಕ್ಕೆ, ಅಂದರೆ ಕರ್ನೆಲ್‌ಗೆ ಹೋಗುತ್ತದೆ. ಡಿಸ್ಕಿನಿಂದ ಫೈಲನ್ನು ತಂದುಕೊಡುವ ವ್ಯವಸ್ಥೆ ಇರುವುದು ಅಲ್ಲಿ. ವಿಂಡೋಸ್‌ನಲ್ಲಿ ಆಂಟಿವೈರಸ್ ಇದೇ ದಾರಿಯಲ್ಲಿ ಫಿಲ್ಟರ್ ಡ್ರೈವರ್ ಎಂಬ ಸಣ್ಣ ಭಾಗವೊಂದನ್ನು ಕೂರಿಸಿರುತ್ತದೆ. ಯಾವುದೇ ಫೈಲು ತೆರೆಯುವ ಮುನ್ನ ಇದು ತಡೆದು ನಿಲ್ಲಿಸಿ, ಒಳಗೆ ಏನಿದೆ ಎಂದು ನೋಡಿ, ಸರಿಯಿದ್ದರೆ ಮಾತ್ರ ಮುಂದೆ ಬಿಡುತ್ತದೆ. ಒಂದು ಪ್ರೋಗ್ರಾಮ್ ಶುರುವಾಗುವಷ್ಟರಲ್ಲಿ ನೂರಾರು ಫೈಲುಗಳು ತೆರೆದುಕೊಳ್ಳಬಹುದು. ಈ ತಪಾಸಣೆಯೂ ಅಷ್ಟೇ ಸಲ ನಡೆಯುತ್ತದೆ.

ಬೀಗದ ಹೋಲಿಕೆ ಸೋಲುವುದು ಇಲ್ಲೇ. ಬೀಗ ಬಾಗಿಲಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಆಂಟಿವೈರಸ್ ಹಾಗಲ್ಲ, ಅದು ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಚೀಲ ಬಿಚ್ಚಿ ನೋಡುವ ಕಾವಲುಗಾರ. ಅದೇ ಕಿರಿದಾದ ಬಾಗಿಲಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಕಾವಲುಗಾರರನ್ನು ನಿಲ್ಲಿಸಿದರೆ?

ಇಬ್ಬರು ಕಾವಲುಗಾರರ ಜಗಳ

ಮೊದಲ ತೊಂದರೆ ವೇಗದ್ದು. ಒಂದೇ ಫೈಲನ್ನು ಇಬ್ಬರೂ ನೋಡಬೇಕು. ಅಷ್ಟೇ ಆಗಿದ್ದರೆ ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ಆದರೆ ಮೊದಲನೆಯದು ಪರೀಕ್ಷೆಗೆಂದು ಫೈಲನ್ನು ತೆರೆಯುವುದು ಕೂಡ ಎರಡನೆಯದರ ಕಣ್ಣಿಗೆ "ಯಾರೋ ಫೈಲು ತೆರೆಯುತ್ತಿದ್ದಾರೆ" ಎಂದೇ ಕಾಣುತ್ತದೆ. ಹಾಗಾಗಿ ಅದೂ ತಡೆದು ಪರೀಕ್ಷಿಸಲು ಹೊರಡುತ್ತದೆ. ಪ್ರತಿ ಆಂಟಿವೈರಸ್ಸಿಗೂ ತನ್ನ ಕೆಲಸವನ್ನು ತಾನೇ ತಡೆಯಬಾರದೆಂಬುದು ಗೊತ್ತಿರುತ್ತದೆ, ಬೇರೆ ಕಂಪನಿಯ ಆಂಟಿವೈರಸ್ಸಿನ ಕೆಲಸದ ಬಗ್ಗೆ ಗೊತ್ತಿರುವುದಿಲ್ಲ. ಅದು ಮುಗಿಸಲಿ ಎಂದು ಇದು, ಇದು ಮುಗಿಸಲಿ ಎಂದು ಅದು ಕಾಯುತ್ತ ಕುಳಿತರೆ ಕಂಪ್ಯೂಟರ್ ನಿಂತಲ್ಲೇ ನಿಲ್ಲುತ್ತದೆ. ಇಂತಹ ಬಿಕ್ಕಟ್ಟಿಗೆ ಗಣಕವಿಜ್ಞಾನದಲ್ಲಿ ಡೆಡ್‌ಲಾಕ್ ಎನ್ನುತ್ತಾರೆ.

ಎರಡನೆಯ ತೊಂದರೆ ಅನುಮಾನದ್ದು. ಆಂಟಿವೈರಸ್ಸಿನ ವರ್ತನೆ ಕುತಂತ್ರಾಂಶದ ವರ್ತನೆಗೆ ಬಹಳ ಹತ್ತಿರ. ಅದು ಬೇರೆ ಪ್ರೋಗ್ರಾಮುಗಳ ಒಳಗೆ ಇಣುಕುತ್ತದೆ, ಎಲ್ಲ ಫೈಲುಗಳನ್ನು ಮುಟ್ಟುತ್ತದೆ, ತನ್ನನ್ನು ಯಾರೂ ತೆಗೆಯದಂತೆ ಕಾಪಾಡಿಕೊಳ್ಳುತ್ತದೆ. ಪಕ್ಕದ ಆಂಟಿವೈರಸ್ ಇದನ್ನೇ ದಾಳಿ ಎಂದು ತಿಳಿಯಬಹುದು. ವೈರಸ್‌ಗಳನ್ನು ಗುರುತಿಸಲು ಇಟ್ಟುಕೊಂಡಿರುವ ಚಹರೆಗಳ ಸಂಗ್ರಹವೂ ಇನ್ನೊಂದಕ್ಕೆ ವೈರಸ್‌ಗಳ ಗೂಡಿನಂತೆ ಕಾಣಬಹುದು.

ಮೂರನೆಯದು ಸಿಕ್ಕ ಕಳ್ಳನಿಗಾಗಿ ಎಳೆದಾಟ. ಒಂದು ಜಿಪ್ ಫೈಲನ್ನು ಪರೀಕ್ಷಿಸಲು ಮೊದಲ ಆಂಟಿವೈರಸ್ ಅದನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚುತ್ತದೆ. ಒಳಗೆ ಕುತಂತ್ರಾಂಶ ಇದ್ದರೆ, ಎರಡನೆಯದು ಆ ಫೋಲ್ಡರಿಗೇ ಹೋಗಿ ಅದನ್ನು ಹಿಡಿಯುತ್ತದೆ. ಈಗ ಎರಡೂ ಅದೇ ಫೈಲನ್ನು ತಮ್ಮ ತಮ್ಮ ಕ್ವಾರಂಟೈನ್‌ಗೆ ಒಯ್ಯಲು ನೋಡುತ್ತವೆ. ಒಂದು ಹಿಡಿದುಕೊಂಡಿರುವುದರಿಂದ ಇನ್ನೊಂದಕ್ಕೆ ಅಳಿಸಲು ಆಗುವುದಿಲ್ಲ. ನಮ್ಮೆದುರು ಒಂದರ ಮೇಲೊಂದು ಎಚ್ಚರಿಕೆಯ ಕಿಟಕಿಗಳು ತೆರೆಯುತ್ತವೆ, ಮೂಲ ಫೈಲು ಮಾತ್ರ ಇದ್ದಲ್ಲೇ ಉಳಿದಿರಬಹುದು.

ಕರ್ನೆಲ್‌ನಲ್ಲಿ ತಪ್ಪಾದರೆ

ಸಾಮಾನ್ಯ ಪ್ರೋಗ್ರಾಮ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನೆಲ್ ಮಟ್ಟದಲ್ಲಿ ಕೆಲಸ ಮಾಡುವ ಭಾಗ ಕೆಟ್ಟರೆ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಆಂಟಿವೈರಸ್ಸಿನ ಕಾವಲು ಭಾಗ ಇರುವುದು ಇದೇ ಮಟ್ಟದಲ್ಲಿ.

2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರಾಸೆಸರ್ ದೋಷಗಳು ಬೆಳಕಿಗೆ ಬಂದಾಗ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಬಿಡುಗಡೆ ಮಾಡಿತು. ಆದರೆ ಕೆಲವು ಆಂಟಿವೈರಸ್‌ಗಳು ಕರ್ನೆಲ್‌ನ ಸ್ಮೃತಿಯನ್ನು ಅನುಮತಿ ಇಲ್ಲದ ರೀತಿಯಲ್ಲಿ ಬಳಸುತ್ತಿದ್ದುದರಿಂದ, ತೇಪೆ ಹಾಕಿದ ಕಂಪ್ಯೂಟರುಗಳು ಶುರುವಾಗದೇ ಹೋಗುವ ಅಪಾಯವಿತ್ತು. ಹಾಗಾಗಿ "ನಮ್ಮಿಂದ ತೊಂದರೆಯಿಲ್ಲ" ಎಂದು ಆಂಟಿವೈರಸ್ ಒಂದು ಗುರುತು ಹಾಕುವ ತನಕ ಆ ಕಂಪ್ಯೂಟರಿಗೆ ತೇಪೆ ಕಳಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ನಿಯಮ ಮಾಡಬೇಕಾಯಿತು. ಒಂದು ರಕ್ಷಣೆಗಾಗಿ ಇನ್ನೊಂದು ರಕ್ಷಣೆ ಸರದಿಯಲ್ಲಿ ಕಾಯಬೇಕಾಗಿ ಬಂದ ಸಂದರ್ಭ ಅದು.

2024ರ ಜುಲೈ 19ರ ಘಟನೆ ಇನ್ನೂ ನೆನಪಿರಬಹುದು. ಸಂಸ್ಥೆಗಳು ಬಳಸುವ ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ತಂತ್ರಾಂಶದ ದೋಷಪೂರ್ಣ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಸಾಧನಗಳು ಕೆಟ್ಟು ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡುವಂತಾಯಿತು. ಇದು ಎರಡು ಆಂಟಿವೈರಸ್‌ಗಳ ಜಗಳವಲ್ಲ, ಒಂದರ ತಪ್ಪು. ಆದರೆ ಒಂದು ತಪ್ಪಿನಿಂದಲೇ ಇಷ್ಟಾಗುವ ಜಾಗದಲ್ಲಿ, ಜೊತೆಯಾಗಿ ಕೆಲಸ ಮಾಡಲು ಯಾರೂ ತಯಾರಿಸಿರದ ಎರಡು ತಂತ್ರಾಂಶಗಳನ್ನು ಕೂರಿಸುವುದು ಜಾಣತನವಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಎರಡಿದ್ದರೆ ಹೆಚ್ಚು ವೈರಸ್ ಸಿಗುವುದಿಲ್ಲವೇ?

ಈ ಪ್ರಶ್ನೆ ನ್ಯಾಯವಾದದ್ದೇ. ಒಂದು ಆಂಟಿವೈರಸ್ಸಿಗೆ ಸಿಗದ್ದು ಇನ್ನೊಂದಕ್ಕೆ ಸಿಗುವುದುಂಟು. 2004ರಲ್ಲಿ ಶುರುವಾಗಿ, ಈಗ ಗೂಗಲ್ ಒಡೆತನದಲ್ಲಿರುವ ವೈರಸ್‌ಟೋಟಲ್ ಜಾಲತಾಣ ನಾವು ಕೊಟ್ಟ ಫೈಲನ್ನು 70ಕ್ಕೂ ಹೆಚ್ಚು ಆಂಟಿವೈರಸ್ ಎಂಜಿನ್‌ಗಳಿಂದ ಪರೀಕ್ಷಿಸಿ ಹೇಳುತ್ತದೆ. ಆದರೆ ಅಲ್ಲಿ ನಡೆಯುವುದು ಒಂದು ಫೈಲಿನ ತಪಾಸಣೆ ಮಾತ್ರ, ಅವೆಲ್ಲ ಒಂದೇ ಬಾಗಿಲಲ್ಲಿ ಕಾವಲು ನಿಂತಿರುವುದಿಲ್ಲ.

ಪ್ರಸಿದ್ಧ ಆಂಟಿವೈರಸ್‌ಗಳು ಗುರುತಿಸುವ ಕುತಂತ್ರಾಂಶಗಳಲ್ಲಿ ಬಹುಪಾಲು ಒಂದೇ ಆಗಿರುವುದರಿಂದ ಎರಡನೆಯದರಿಂದ ಸಿಗುವ ಹೆಚ್ಚುವರಿ ಲಾಭ ಚಿಕ್ಕದು. ಸುಳ್ಳು ಎಚ್ಚರಿಕೆಯ ಸಾಧ್ಯತೆಯಾದರೋ ಎರಡೂ ಕಡೆಯಿಂದ ಸೇರಿಕೊಳ್ಳುತ್ತದೆ. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿಯ ಒಂದು ಅಪ್‌ಡೇಟು ವಿಂಡೋಸ್ ಎಕ್ಸ್‌ಪಿಯದೇ ಭಾಗವಾದ 'ಎಸ್‌ವಿಸಿಹೋಸ್ಟ್' ಫೈಲನ್ನು ವೈರಸ್ ಎಂದು ತಿಳಿದು ತಡೆಯಿತು. ಅನೇಕ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತ ಬಳಸಲಾಗದ ಸ್ಥಿತಿಗೆ ಬಂದವು.

ಆಂಟಿವೈರಸ್ ಕೂಡ ಒಂದು ತಂತ್ರಾಂಶವೇ ಎನ್ನುವುದನ್ನೂ ಮರೆಯಬಾರದು. ಅದರಲ್ಲಿಯೂ ದೋಷಗಳಿರುತ್ತವೆ. 2016ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಉತ್ಪನ್ನಗಳಲ್ಲಿ, 2017ರಲ್ಲಿ ಮೈಕ್ರೋಸಾಫ್ಟ್‌ನ ಎಂಜಿನ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡ ಗಂಭೀರ ಲೋಪಗಳನ್ನು ಪತ್ತೆಮಾಡಿತ್ತು. ಆ ಲೋಪಗಳನ್ನು ಸರಿಪಡಿಸಲಾಯಿತು. ಆದರೂ ಇನ್ನೊಂದು ಆಂಟಿವೈರಸ್ ಹಾಕುವುದೆಂದರೆ ದಾಳಿಕೋರರಿಗೆ ಪ್ರಯತ್ನಿಸಲು ಇನ್ನೊಂದು ಜಾಗ ಕೊಟ್ಟಂತೆ.

ಫೈರ್‌ವಾಲ್‌ಗಳ ಕಥೆಯೂ ಇದೇ

ಎರಡು ಫೈರ್‌ವಾಲ್‌ಗಳಿದ್ದರೆ ಒಂದು ಬಿಟ್ಟದ್ದನ್ನು ಇನ್ನೊಂದು ತಡೆಯುತ್ತದೆ. ಪ್ರಿಂಟರ್ ಸಿಗುವುದಿಲ್ಲ, ವೀಡಿಯೋ ಕರೆ ಹೋಗುವುದಿಲ್ಲ. ಒಂದರಲ್ಲಿ ಅನುಮತಿ ಕೊಟ್ಟರೂ ಸರಿಯಾಗದಿದ್ದಾಗ, ಬೇಸತ್ತ ಬಳಕೆದಾರ ಎರಡನ್ನೂ ಆಫ್ ಮಾಡಿಬಿಡುತ್ತಾನೆ. ಕೆಲವು ಆಂಟಿವೈರಸ್‌ಗಳು ಸುರಕ್ಷಿತ ಜಾಲತಾಣಗಳ ಸಂಪರ್ಕವನ್ನೂ ನಡುವೆ ತೆರೆದು ನೋಡುತ್ತವೆ. ಅದಕ್ಕಾಗಿ ತಮ್ಮದೇ ಸರ್ಟಿಫಿಕೇಟನ್ನು ಕಂಪ್ಯೂಟರಿನಲ್ಲಿ ಸೇರಿಸಿರುತ್ತವೆ. ಎರಡು ತಂತ್ರಾಂಶಗಳು ಈ ಕೆಲಸಕ್ಕೆ ಇಳಿದರೆ ಬ್ಯಾಂಕಿನ ಜಾಲತಾಣವೂ "ಸುರಕ್ಷಿತವಲ್ಲ" ಎಂದು ಬ್ರೌಸರ್ ಎಚ್ಚರಿಸಬಹುದು. ಇಂತಹ ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದೆ ಹೋಗುವ ಅಭ್ಯಾಸ ಬೆಳೆದರೆ ನಿಜವಾದ ಮೋಸದ ಜಾಲತಾಣ ಬಂದಾಗಲೂ ನಾವು ಹಾಗೆಯೇ ಮುಂದೆ ಹೋಗುತ್ತೇವೆ.

ವಿಂಡೋಸ್ ಮಾಡುವ ಪಂಚಾಯಿತಿ

ಈ ಜಗಳ ಮೈಕ್ರೋಸಾಫ್ಟ್‌ಗೂ ಗೊತ್ತು. ಕಂಪ್ಯೂಟರಿನಲ್ಲಿ ಯಾವ ಸುರಕ್ಷತಾ ತಂತ್ರಾಂಶವಿದೆ ಎಂದು ನೋಡಿಕೊಳ್ಳುವ ಸೆಕ್ಯುರಿಟಿ ಸೆಂಟರ್ 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್ ಜೊತೆ ಬಂತು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತಿದೆ. ಮನೆಯ ಕಂಪ್ಯೂಟರಿನಲ್ಲಿ ನಾವು ಬೇರೆ ಆಂಟಿವೈರಸ್ ಹಾಕಿ, ಅದು ಸರಿಯಾಗಿ ನೋಂದಾಯಿಸಿಕೊಂಡರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅದನ್ನು ತೆಗೆದುಹಾಕಿದಾಗ ಮತ್ತೆ ಕಾವಲಿಗೆ ಬರುತ್ತದೆ. ಆದ್ದರಿಂದ ಡಿಫೆಂಡರ್ ಜೊತೆ ಇನ್ನೊಂದು ಆಂಟಿವೈರಸ್ ಇದ್ದರೆ ಗಾಬರಿ ಬೇಡ.

ತೊಂದರೆ ಬರುವುದು ಹೊರಗಿನಿಂದ ಎರಡು ತಂದು ಹಾಕಿದಾಗ, ಇಲ್ಲವೇ ಹಳೆಯದನ್ನು ಅರ್ಧಂಬರ್ಧ ತೆಗೆದಾಗ. ಫೋಲ್ಡರನ್ನು ಅಳಿಸಿದ ಮಾತ್ರಕ್ಕೆ ಆಂಟಿವೈರಸ್ ಹೋಗುವುದಿಲ್ಲ. ಅದರ ಡ್ರೈವರ್ ಉಳಿದುಕೊಂಡರೆ ಹೊಸದರ ಜೊತೆ ಜಗಳ ಮುಂದುವರಿಯುತ್ತದೆ. ಸೆಕ್ಯುರಿಟಿ ಸೆಂಟರ್‌ನಲ್ಲಿ ಅದರ ಹೆಸರು ಉಳಿದುಕೊಂಡರೆ, ಇಲ್ಲದ ಕಾವಲುಗಾರನನ್ನು ನಂಬಿ ಡಿಫೆಂಡರ್ ಸುಮ್ಮನಿರಬಹುದು.

ಹಾಗಾದರೆ ನಾವು ಏನು ಮಾಡಬೇಕು?

1. ಎಷ್ಟಿವೆ ಎಂದು ನೋಡಿ. ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಸೆಕ್ಯುರಿಟಿ' ತೆರೆದು, ಅದರ ಸೆಟಿಂಗ್ಸ್‌ನಲ್ಲಿ 'ಮ್ಯಾನೇಜ್ ಪ್ರೊವೈಡರ್ಸ್' ಒತ್ತಿದರೆ ಯಾವ ಆಂಟಿವೈರಸ್, ಯಾವ ಫೈರ್‌ವಾಲ್ ಕೆಲಸದಲ್ಲಿದೆ ಎಂದು ಕಾಣುತ್ತದೆ. ಅವಧಿ ಮುಗಿದ ಟ್ರಯಲ್ ಆವೃತ್ತಿಗಳೂ ಇಲ್ಲಿ ಸಿಗಬಹುದು.

2. ಸದಾ ಕಾಯುವ ಕೆಲಸಕ್ಕೆ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಅದು ಡಿಫೆಂಡರ್ ಆಗಿರಬಹುದು, ಹಣ ಕೊಟ್ಟು ಕೊಂಡದ್ದಾಗಿರಬಹುದು. ಅಪ್‌ಡೇಟ್ ಆಗುತ್ತಿರುವುದು ಮುಖ್ಯ.

3. ಬೇಡದ್ದನ್ನು ಸರಿಯಾಗಿ ತೆಗೆಯಿರಿ. ಸೆಟಿಂಗ್ಸ್‌ನ ಆ್ಯಪ್ಸ್ ವಿಭಾಗದಿಂದ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಆಮೇಲೂ ಅವಶೇಷ ಉಳಿದರೆ ಪ್ರಮುಖ ಕಂಪನಿಗಳು ತಮ್ಮ ಆಂಟಿವೈರಸ್ ತೆಗೆಯಲೆಂದೇ ಕೊಡುವ ಉಚಿತ ಸಾಧನವನ್ನು ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ.

4. ಎರಡನೆಯ ಅಭಿಪ್ರಾಯ ಬೇಕಿದ್ದರೆ ಕರೆದಾಗ ಬಂದುಹೋಗುವ ಸ್ಕ್ಯಾನರ್ ಬಳಸಿ. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಂಥದ್ದು. ಇಳಿಸಿಕೊಂಡ 10 ದಿನಗಳ ನಂತರ ಅದು ಕೆಲಸ ಮಾಡುವುದಿಲ್ಲ, ಮತ್ತೆ ಹೊಸದನ್ನು ತರಬೇಕು. ಭಾರತ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ಉಚಿತ ಸಾಧನಗಳಿವೆ. ಒಂದೇ ಫೈಲಿನ ಮೇಲೆ ಅನುಮಾನವಿದ್ದರೆ ವೈರಸ್‌ಟೋಟಲ್ ಸಾಕು. ಆದರೆ ಅಲ್ಲಿಗೆ ಹಾಕಿದ ಫೈಲು ಇತರ ಸಂಸ್ಥೆಗಳಿಗೂ ಸಿಗುತ್ತದೆ, ಹಾಗಾಗಿ ಆಧಾರ್ ಪ್ರತಿ, ಬ್ಯಾಂಕ್ ದಾಖಲೆಗಳನ್ನು ಹಾಕಬೇಡಿ.

5. ಕಾವಲು ನಡೆಯುತ್ತಿದೆಯೇ ಎಂದು ಪರೀಕ್ಷಿಸಿ. ಐಕಾರ್ ಸಂಸ್ಥೆ ಇದಕ್ಕೆಂದೇ 68 ಅಕ್ಷರಗಳ, ಯಾವ ಹಾನಿಯನ್ನೂ ಮಾಡದ ಪರೀಕ್ಷಾ ಫೈಲೊಂದನ್ನು ರೂಪಿಸಿದೆ. ಅದರ ಜಾಲತಾಣದಿಂದ ಇಳಿಸಲು ಹೋದರೆ ಆಂಟಿವೈರಸ್ ಕೂಡಲೇ ತಡೆಯಬೇಕು. ಯಾವುದೂ ಮಾತಾಡದಿದ್ದರೆ ನಿಮ್ಮ ಕಂಪ್ಯೂಟರಿಗೆ ಕಾವಲಿಲ್ಲ ಎಂದು ತಿಳಿಯಿರಿ. ಬೇರೆ ಬೇರೆ ಹೆಸರಿನ ಎರಡು ಎಚ್ಚರಿಕೆಗಳು ಬಂದರೆ ಇಬ್ಬರು ನಿಂತಿದ್ದಾರೆ ಎಂದರ್ಥ.

ಹೊಸ ಆಂಟಿವೈರಸ್ ಹಾಕಿದ ನಂತರವೇ ಕಂಪ್ಯೂಟರ್ ನಿಧಾನವಾಗಿದ್ದರೆ, ಪೆನ್‌ಡ್ರೈವ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ, ಅಪ್‌ಡೇಟುಗಳು ಅರ್ಧಕ್ಕೆ ನಿಲ್ಲುತ್ತಿದ್ದರೆ ಮೊದಲು ಈ ಜಗಳವನ್ನು ಅನುಮಾನಿಸಿ. ತುಂಬಿದ ಡಿಸ್ಕ್, ಹಳತಾದ ಯಂತ್ರಾಂಶದಿಂದಲೂ ಹೀಗಾಗುವುದುಂಟು. ಒಂದು ಆಂಟಿವೈರಸ್ ತೆಗೆದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ. "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್‌ಗಳಿವೆ, ಈಗಲೇ ಇದನ್ನು ಇಳಿಸಿಕೊಳ್ಳಿ" ಎಂದು ಜಾಲತಾಣವೊಂದು ಹೆದರಿಸಿದರೆ ಆ ಕಿಟಕಿಯನ್ನು ಮುಚ್ಚಿಬಿಡಿ. ಬ್ರೌಸರಿನಲ್ಲಿ ತೆರೆದ ಜಾಲತಾಣ ನಮ್ಮ ಡಿಸ್ಕನ್ನು ಸ್ಕ್ಯಾನ್ ಮಾಡಲಾರದು. ಹೀಗೆ ಬರುವ 'ಆಂಟಿವೈರಸ್' ಸ್ವತಃ ಕುತಂತ್ರಾಂಶವಾಗಿರುತ್ತದೆ. ಒಂದು ಸಾಲದು ಎಂಬ ನಮ್ಮ ಭಯವನ್ನೇ ನಂಬಿ ಈ ದಂಧೆ ನಡೆಯುತ್ತದೆ.

ಎರಡನೆಯ ಆಂಟಿವೈರಸ್ ಹುಡುಕುವ ಸಮಯವನ್ನು ವಿಂಡೋಸ್ ಮತ್ತು ಬ್ರೌಸರಿನ ಅಪ್‌ಡೇಟಿಗೆ, ಮುಖ್ಯ ಫೈಲುಗಳನ್ನು ಬೇರೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಕಂಪ್ಯೂಟರಿನಿಂದ ಬಿಡಿಸಿ ಇಡುವುದಕ್ಕೆ ಕೊಟ್ಟರೆ ಹೆಚ್ಚು ಉಪಯೋಗ. ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಆಂಟಿವೈರಸ್ಸಿನ ಕಣ್ಣು ತಪ್ಪಿಸಿ ಬಂದರೂ, ಕಪಾಟಿನಲ್ಲಿರುವ ಆ ನಕಲು ಅದರ ಕೈಗೆ ಸಿಗುವುದಿಲ್ಲ.