ಊಟಕ್ಕೆ ಹಟ ಮಾಡುವ ಪುಟ್ಟ ಮಕ್ಕಳು: ಬೆಳವಣಿಗೆಯ ಮೇಲಿನ ಪರಿಣಾಮ ಹಾಗೂ ಮನೆಯಲ್ಲೇ ಕೈಗೊಳ್ಳಬಹುದಾದ ಕ್ರಮಗಳು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ರೈತ ಕುಟುಂಬಗಳಿಗೆ ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ)

ಹಿನ್ನೆಲೆ

ಕಡೂರಿನ ಬಯಲಿನಲ್ಲಿ ರಾಗಿ ಮತ್ತು ತೆಂಗು, ತರೀಕೆರೆ ಭಾಗದಲ್ಲಿ ಅಡಿಕೆ, ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿ ಪ್ರಮುಖ ಬೆಳೆಗಳಾಗಿವೆ. ಆಹಾರ ಬೆಳೆಯುವ ಮನೆಗಳಲ್ಲಿಯೂ ಮಕ್ಕಳ ಬೆಳವಣಿಗೆ ಕುಂಠಿತವಾಗುವುದುಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-20) ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವನ್ನೂ, ಶೇ. 32.9ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕವನ್ನೂ ಹೊಂದಿಲ್ಲ. 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಮಗು ಕೆಲವೇ ಪದಾರ್ಥಗಳನ್ನು ತಿಂದು ಉಳಿದವನ್ನು ನಿರಾಕರಿಸುವುದು ಮನೆಯವರೇ ತಿದ್ದಬಹುದಾದ ಒಂದು ಕಾರಣ.

ಹಟ ಯಾವಾಗ ಸಹಜ?

ಮೊದಲ ವರ್ಷದಲ್ಲಿ ಮಗುವಿನ ತೂಕ ಜನನದ ತೂಕದ ಸುಮಾರು ಮೂರು ಪಟ್ಟಾಗುತ್ತದೆ. ಎರಡನೆಯ ವರ್ಷದಲ್ಲಿ ಕೇವಲ ಎರಡೂವರೆ ಕಿಲೋ, ಅನಂತರ ವರ್ಷಕ್ಕೆ ಸುಮಾರು ಎರಡು ಕಿಲೋ ಹೆಚ್ಚುತ್ತದೆ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುವುದು ಸಹಜ. ಇದೇ ವಯಸ್ಸಿನಲ್ಲಿ ಹೊಸ ರುಚಿ, ಹೊಸ ಬಣ್ಣದ ಆಹಾರದ ಬಗ್ಗೆ ಅಂಜಿಕೆಯೂ ಮೂಡುತ್ತದೆ. ಆದ್ದರಿಂದ ಚಟುವಟಿಕೆಯಿಂದಿದ್ದು, ತೂಕ ಕ್ರಮವಾಗಿ ಏರುತ್ತಿರುವ ಮಗು ಕಡಿಮೆ ತಿಂದರೂ ಗಾಬರಿಪಡಬೇಕಾಗಿಲ್ಲ.

ಬೆಳವಣಿಗೆಗೆ ತೊಂದರೆಯಾಗುವ ಬಗೆ

ಮಗು ಬೇಳೆಕಾಳು, ಸೊಪ್ಪು, ಹಣ್ಣು, ಮೊಟ್ಟೆಗಳನ್ನು ತಿಂಗಳುಗಟ್ಟಲೆ ಬಿಟ್ಟು ಅನ್ನ, ಬಿಸ್ಕತ್ತು, ಹಾಲುಗಳಲ್ಲೇ ದಿನ ಕಳೆದರೆ ಕಬ್ಬಿಣ ಮತ್ತು ಸತುವಿನ ಅಂಶ ಕಡಿಮೆಯಾಗುತ್ತದೆ. ಈ ಎರಡರ ಕೊರತೆಯಿಂದ ಹಸಿವೇ ಕುಗ್ಗುತ್ತದೆ. ಹಸಿವು ಕುಗ್ಗಿದಾಗ ಮಗು ಇನ್ನಷ್ಟು ಕಡಿಮೆ ತಿನ್ನುತ್ತದೆ. ನಾರಿನಂಶವಿಲ್ಲದೆ ಮಲಬದ್ಧತೆ ಉಂಟಾಗಿ ಊಟ ಮತ್ತಷ್ಟು ಬೇಡವಾಗುತ್ತದೆ. ಮೊದಲು ತೂಕ ನಿಲ್ಲುತ್ತದೆ, ಅದು ಮುಂದುವರಿದರೆ ಎತ್ತರವೂ ಕುಂಠಿತವಾಗುತ್ತದೆ.

ರೈತ ಕುಟುಂಬಗಳಲ್ಲಿ ಕಾಣುವ ಕಾರಣಗಳು

- ಅಡಿಕೆ ಸುಲಿಯುವ, ಈರುಳ್ಳಿ ಕೀಳುವ ದಿನಗಳಲ್ಲಿ ತಾಯಿಗೆ ಬಿಡುವಿರುವುದಿಲ್ಲ. ಅಳುವ ಮಗುವಿನ ಕೈಗೆ ಬಿಸ್ಕತ್ತು ಅಥವಾ ಅಂಗಡಿಯ ಕುರುಕಲು ಪೊಟ್ಟಣ ಸೇರುತ್ತದೆ. ಊಟದ ವೇಳೆಗೆ ಹಸಿವು ಇರುವುದಿಲ್ಲ.
- ಮಗುವಿಗೆ ಚಹಾ ಕುಡಿಸುವುದು. ಚಹಾ ಆಹಾರದಲ್ಲಿನ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ.
- ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಸುವುದು. ಹೊಟ್ಟೆ ಹಾಲಿನಿಂದಲೇ ತುಂಬುತ್ತದೆ.
- ಇದಕ್ಕೆ ವಿರುದ್ಧವಾಗಿ, ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಮಗುವಿಗೆ ಏನೂ ಉಳಿಸದಿರುವುದು. ಮಗುವಿನ ಪಾಲನ್ನು ಮೊದಲು ತೆಗೆದಿಟ್ಟು ಉಳಿದುದನ್ನು ಡೇರಿಗೆ ಕೊಡಿರಿ.
- ಗದರಿಸಿ, ಹಿಡಿದು ತುರುಕುವುದು ಅಥವಾ ಮೊಬೈಲ್ ತೋರಿಸಿ ಉಣಿಸುವುದು.

ಅನುಸರಿಸಬೇಕಾದ ಕ್ರಮಗಳು

1. ದಿನಕ್ಕೆ ಮೂರು ಊಟ, ಎರಡು ಲಘು ಆಹಾರ ಕೊಡಿರಿ. ನಡುವೆ ಎರಡೂವರೆಯಿಂದ ಮೂರು ಗಂಟೆ ಅಂತರವಿರಲಿ. ಆ ಅವಧಿಯಲ್ಲಿ ನೀರು ಮಾತ್ರ ಕೊಡಿರಿ.
2. ಏನನ್ನು, ಯಾವಾಗ ಬಡಿಸಬೇಕೆಂಬುದು ಹಿರಿಯರ ತೀರ್ಮಾನ; ಎಷ್ಟು ತಿನ್ನಬೇಕೆಂಬುದು ಮಗುವಿನ ತೀರ್ಮಾನ. ಅರ್ಧ ಗಂಟೆಯ ನಂತರ ತಟ್ಟೆಯನ್ನು ಸದ್ದಿಲ್ಲದೆ ತೆಗೆಯಿರಿ.
3. ಹೊಸ ಪದಾರ್ಥವನ್ನು ಒಂದು ಚಮಚದಷ್ಟು, ಮಗು ಮೆಚ್ಚುವ ಆಹಾರದ ಜೊತೆಗೆ ಇಡಿರಿ. ಒಪ್ಪಿಕೊಳ್ಳಲು ಹತ್ತು-ಹದಿನೈದು ಬಾರಿ ಬೇಕಾಗಬಹುದು; ಎರಡು ಸಲಕ್ಕೇ ಕೈಬಿಡಬಾರದು.
4. ಮನೆಯವರೊಡನೆ ಕೂರಿಸಿಕೊಂಡು ಉಣಿಸಿರಿ. ಹಿರಿಯರು ಸೊಪ್ಪು ತಿನ್ನುವುದನ್ನು ಕಂಡೇ ಮಗು ಕಲಿಯುತ್ತದೆ.
5. ಸಾರು, ಮುದ್ದೆ, ಅನ್ನಕ್ಕೆ ಒಂದು ಚಮಚ ತುಪ್ಪ ಅಥವಾ ಎಣ್ಣೆ ಸೇರಿಸಿರಿ. ಐದು ಗ್ರಾಂ ತುಪ್ಪದಿಂದ ಸುಮಾರು 45 ಕಿಲೋಕ್ಯಾಲೊರಿ ಶಕ್ತಿ ದೊರೆಯುತ್ತದೆ.

ಮೊಳಕೆ ರಾಗಿ ಹಿಟ್ಟು

ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇರುತ್ತದೆ. ಮೊಳಕೆ ಕಟ್ಟಿದಾಗ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಗಂಜಿಯೂ ತೆಳುವಾಗುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಕಡಿಮೆ ತಿನ್ನುವ ಮಗುವಿಗೆ ಇದು ಬಹಳ ಉಪಯುಕ್ತ.

ಅರ್ಧ ಕಿಲೋ ರಾಗಿ ಮತ್ತು ಕಾಲು ಕಿಲೋ ಹೆಸರುಕಾಳನ್ನು ಬೇರೆ ಬೇರೆಯಾಗಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿರಿ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು, ನೂರು ಗ್ರಾಂ ಹುರಿದ ಶೇಂಗಾ ಸೇರಿಸಿ ಹಿಟ್ಟು ಮಾಡಿಸಿರಿ. ಗಾಳಿಯಾಡದ ಡಬ್ಬಿಯಲ್ಲಿಡಿರಿ. ಹಾಲು, ಬೆಲ್ಲ ಬೆರೆಸಿ ಗಂಜಿಯಾಗಿ ಅಥವಾ ದೋಸೆಯಾಗಿ ಕೊಡಬಹುದು. ನುಗ್ಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ದೋಸೆ, ಬೇಳೆಗೆ ಸೇರಿಸಿರಿ. ಬೇಳೆಗೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ.

ಎಚ್ಚರಿಕೆ: ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಕೊಬ್ಬರಿ ಚೂರು ಕೊಡಬಾರದು, ಉಸಿರುನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅಡಿಕೆ ರಾಶಿಯ ಬಳಿಯೂ ಮಗುವನ್ನು ಒಂಟಿಯಾಗಿ ಬಿಡಬಾರದು.

ಯಾವಾಗ ವೈದ್ಯರನ್ನು ಕಾಣಬೇಕು?

- ಎರಡು-ಮೂರು ತಿಂಗಳು ತೂಕ ಏರದಿದ್ದರೆ ಅಥವಾ ಇಳಿದರೆ
- ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ
- ಪಾದಗಳಲ್ಲಿ ಊತ, ಬಿಳಿಚಿದ ಕಣ್ಣು-ನಾಲಗೆ, ಮಣ್ಣು ತಿನ್ನುವ ಚಟ, ನುಂಗುವಾಗ ಕೆಮ್ಮು ಅಥವಾ ಪದೇ ಪದೇ ಭೇದಿ ಕಂಡರೆ

ವಿಸ್ತರಣಾ ಕಾರ್ಯಕರ್ತರಿಗೆ

ಕೈತೋಟ, ಕೋಳಿ ಸಾಕಣೆ ಕುರಿತ ತರಬೇತಿಗಳಲ್ಲಿ ಮಕ್ಕಳ ಊಟದ ವಿಷಯವನ್ನೂ ಸೇರಿಸಿರಿ; ಮನೆಯ ತಂದೆ, ಅಜ್ಜ-ಅಜ್ಜಿಯರನ್ನೂ ಆಹ್ವಾನಿಸಿರಿ. ಅಂಗನವಾಡಿಯಲ್ಲಿ ಪ್ರತಿ ತಿಂಗಳು ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸುವಂತೆಯೂ, ಕಬ್ಬಿಣಾಂಶದ ಔಷಧಿ ಮತ್ತು ಆರು ತಿಂಗಳಿಗೊಮ್ಮೆ ಜಂತುಹುಳು ನಿವಾರಕವನ್ನು ತಪ್ಪದೆ ಕೊಡಿಸುವಂತೆಯೂ ತಿಳಿಸಿರಿ. ಮಗು ಒಂದು ಹೊತ್ತು ಎಷ್ಟು ಉಂಡಿತೆಂಬುದಕ್ಕಿಂತ, ಕಾರ್ಡಿನಲ್ಲಿ ಆ ಗೆರೆ ತಿಂಗಳಿಂದ ತಿಂಗಳಿಗೆ ಮೇಲೇರುತ್ತಿದೆಯೇ ಎಂಬುದೇ ಮುಖ್ಯ.