‘ಕಣ’: ಒಂದು ರೂಪ, ಮೂರು ಚರಿತ್ರೆಗಳು

ಇಂದಿನ ಕನ್ನಡದಲ್ಲಿ ‘ಕಣ’ ಎಂಬ ಎರಡಕ್ಷರದ ರೂಪವು ನಾಲ್ಕು ಬಗೆಯಾಗಿ ಬಳಕೆಯಲ್ಲಿದೆ. ಒಕ್ಕಲಿಗನಿಗೆ ಅದು ತೆನೆ ತುಳಿಸುವ ನೆಲ. ಪತ್ರಿಕೆಗೆ ಚುನಾವಣೆಯ ಸ್ಪರ್ಧಾಭೂಮಿ. ವಿಜ್ಞಾನಪಠ್ಯಕ್ಕೆ ದ್ರವ್ಯದ ಸೂಕ್ಷ್ಮಾಂಶ. ಹಳೆಯ ಮೈಸೂರು ಭಾಗದ ಆಡುಮಾತಿನಲ್ಲಿ ‘ಹೌದು ಕಣೋ’, ‘ಬೇಡ ಕಣೇ’ ಎಂಬಲ್ಲಿ ಕೇಳಿಬರುವ ಸಲಿಗೆಯ ನುಡಿ. ಒಕ್ಕುವ ಕಣದಲ್ಲಿ ಉದುರುವುದು ಕಾಳಿನ ಕಣವೇ ಆದ್ದರಿಂದ ಇವೆಲ್ಲ ಒಂದೇ ಪದದ ಅರ್ಥವಿಸ್ತಾರವೆಂಬ ಊಹೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಇಲ್ಲಿ ಕೂಡಿಕೊಂಡಿರುವುದು ಮೂರು ಬೇರೆ ಬೇರೆ ಪದಗಳ ಚರಿತ್ರೆಯೆಂದು ನಾವು ವಾದಿಸುತ್ತೇವೆ.

ಮೊದಲನೆಯದು ದೇಶ್ಯ. ಕನ್ನಡದಲ್ಲಿ ‘ಕಣ’ದೊಂದಿಗೆ ‘ಕಳ’ ಎಂಬ ರೂಪವೂ ಉಂಟು. ತಮಿಳಿನ ‘ಕಳಂ’ ಇದರ ಜ್ಞಾತಿಪದ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು (1961, ಪರಿಷ್ಕೃತ ಆವೃತ್ತಿ 1984) ಇವನ್ನು ಒಂದೆಡೆ ಸೇರಿಸಿದೆ. ತಮಿಳಿನ ‘ಕಳಂ’ ಒಕ್ಕುವ ನೆಲವೂ ಹೌದು, ರಣಭೂಮಿಯೂ ಹೌದು. ತಮಿಳಿನ ಪ್ರಾಚೀನ ಕಾವ್ಯಮೀಮಾಂಸೆಯು ಉಳುವವರ ಕಳವನ್ನೂ ಕಾದುವವರ ಕಳವನ್ನೂ ಜೊತೆಯಾಗಿಯೇ ಪರಿಗಣಿಸಿತು. ಆದ್ದರಿಂದ ‘ಚುನಾವಣಾ ಕಣ’ ಎಂಬುದು ಪತ್ರಕರ್ತರು ಹೊಸದಾಗಿ ಕಟ್ಟಿದ ರೂಪಕವಲ್ಲ. ಹಳೆಯ ಅರ್ಥಶಾಖೆಯೊಂದರ ಹೊಸ ಚಿಗುರು. ತಮಿಳು ಪತ್ರಿಕೆಗಳೂ ಚುನಾವಣೆಗೆ ‘ಕಳಂ’ ಎಂಬ ಮಾತನ್ನೇ ಬಳಸುತ್ತವೆ.

ಎರಡನೆಯದು ತತ್ಸಮ. ಸಂಸ್ಕೃತದ ‘ಕಣ’ವೆಂದರೆ ಕಾಳು, ನುಚ್ಚು, ತುಣುಕು. ಪರಮಾಣುವಾದವನ್ನು ಪ್ರತಿಪಾದಿಸಿದ ವೈಶೇಷಿಕ ದರ್ಶನದ ಪ್ರವರ್ತಕನಿಗೆ ಕಣಾದನೆಂಬ ಹೆಸರಿರುವುದು ಪ್ರಸಿದ್ಧ. ಆಧುನಿಕ ವಿಜ್ಞಾನವನ್ನು ಕನ್ನಡಕ್ಕೆ ತಂದವರು ಈ ಪದವನ್ನೇ ಆಯ್ದುಕೊಂಡರು. ಸುಮಾರು 7ರಿಂದ 8 ಮೈಕ್ರೊಮೀಟರ್ ವ್ಯಾಸದ ಕೆಂಪು ರಕ್ತಕಣವೂ, ಒಳರಚನೆಯೇ ಕಂಡುಬಂದಿಲ್ಲದ ಎಲೆಕ್ಟ್ರಾನೂ ಹೀಗೆ ಒಂದೇ ಹೆಸರಿಗೆ ಒಳಪಟ್ಟವು. 2012ರಲ್ಲಿ ಹಿಗ್ಸ್ ಬೋಸಾನಿನ ಶೋಧ ಪ್ರಕಟವಾದಾಗ ಪತ್ರಿಕೆಗಳಲ್ಲಿ ‘ದೇವಕಣ’ವೆಂಬ ಸಮಾಸ ಕಾಣಿಸಿತು. ಕಾಳಿಗೂ ಒಕ್ಕುವ ನೆಲಕ್ಕೂ ಸಂಬಂಧ ಕಲ್ಪಿಸುವ ಊಹೆ ಬೀಳುವುದು ಇಲ್ಲಿಯೇ: ‘ಕಳ’, ‘ಕಳಂ’ಗಳಲ್ಲಿನ ಳಕಾರವನ್ನು ಸಂಸ್ಕೃತದ ‘ಕಣ’ ವಿವರಿಸಲಾರದು.

ಮೂರನೆಯದು ಕ್ರಿಯಾಮೂಲದ್ದು. ‘ಕಣೋ’, ‘ಕಣೇ’, ‘ಕಣ್ರೀ’, ‘ಕಣಯ್ಯ’ಗಳ ಹಿಂದಿರುವುದು ‘ಕಾಣ್’ ಧಾತು. 12ನೆಯ ಶತಮಾನದ ವಚನಗಳಲ್ಲಿ ಅಂಕಿತದ ಮುನ್ನ ಬರುವ ‘ಕಾಣಾ’, ಕುಮಾರವ್ಯಾಸನಲ್ಲಿ ಮತ್ತೆ ಮತ್ತೆ ಬರುವ ‘ಕಣಾ’ ಇವು ಈ ದಾರಿಯ ಹೆಜ್ಜೆಗಳು. ‘ನೋಡು’ ಎಂಬ ಆದೇಶವು ಸವೆದು ಒತ್ತಿಹೇಳುವ ಅವ್ಯಯವಾಯಿತು. ಕೇಳುಗನ ಲಿಂಗವನ್ನೂ ಅವನ ಮೇಲಿನ ಗೌರವವನ್ನೂ ಸೂಚಿಸುವ ಅಂಶಗಳು ಅದಕ್ಕೆ ಅಂಟಿಕೊಂಡವು. ಇದಕ್ಕೆ ಎರಡು ಆಧಾರಗಳನ್ನು ಕೊಡಬಹುದು. ಧಾರವಾಡದ ಕಡೆಯ ‘ಹೌದು ನೋಡ್ರಿ’ ಬೇರೊಂದು ಧಾತುವಿನಿಂದ ಇದೇ ಕಾರ್ಯವನ್ನು ಸಾಧಿಸುತ್ತದೆ. ಎರಡನೆಯದಾಗಿ, ‘ಬರ್ತೀನಿ ಕಣೋ’ ಸಾಧು, ‘ಬರ್ತೀಯಾ ಕಣೋ?’ ಅಸಾಧು. ಕಂಡದ್ದನ್ನು ತೋರಿಸಿ ಹೇಳುವ ಮಾತು ಪ್ರಶ್ನೆಯೊಂದಿಗೆ ಹೊಂದದಿರುವುದು ಮೂಲಾರ್ಥದ ಉಳಿಕೆ.

ಈ ಭೇದವು ವ್ಯುತ್ಪತ್ತಿಯ ಕುತೂಹಲಕ್ಕಷ್ಟೇ ಸೀಮಿತವಲ್ಲ. ತತ್ಸಮ, ತದ್ಭವ, ದೇಶ್ಯಗಳನ್ನು ಬಿಡಿಸಿ ನೋಡುವ ಕ್ರಮವನ್ನು 13ನೆಯ ಶತಮಾನದ ಕೇಶಿರಾಜನಲ್ಲಿಯೇ ಕಾಣುತ್ತೇವೆ. ಬರಿಯ ಅಕ್ಷರರೂಪವನ್ನು ಎಣಿಸುವ ಗಣಕಪಟ್ಟಿಯು ಈ ಮೂರನ್ನೂ ಒಂದೇ ರಾಶಿಗೆ ಹಾಕುತ್ತದೆ. ಒಕ್ಕಣೆ ಯಂತ್ರ ಬಂದೆಡೆ ಸಗಣಿ ಸಾರಿಸಿದ ಕಣ ವಿರಳವಾಗುತ್ತಿದೆ. ಬಳಕೆಯ ಪ್ರಮಾಣವನ್ನೇ ಅಳತೆಗೋಲಾಗಿಸಿದರೆ ನಾಳಿನ ನಿಘಂಟಿನಲ್ಲಿ ಚುನಾವಣೆಯೇ ಮೂಲಾರ್ಥವಾಗಿ, ಒಕ್ಕಲು ಅದರ ಅಡಿಟಿಪ್ಪಣಿಯಾದೀತು. ಮೂರಕ್ಕೂ ಪ್ರತ್ಯೇಕ ಉಲ್ಲೇಖವಿರಬೇಕು. ದೇಶ್ಯ ‘ಕಣ’ದಡಿ ಮೊದಲು ನೆಲ, ಅನಂತರ ಸ್ಪರ್ಧೆ ಎಂಬ ಅನುಕ್ರಮವಿರಬೇಕು ಎಂಬುದು ನಮ್ಮ ನಿಲುವು.