ವರ್ಚುವಲ್ ಮಷೀನ್‌ಗಳಲ್ಲಿ ಡಿಸ್ಕ್ ಜಾಗದ ಮರುವಶ

ವರ್ಚುವಲ್ ಮಷೀನು ಬಳಸಿ ಬಿಟ್ಟ ಡಿಸ್ಕ್ ಜಾಗವನ್ನು ಅದಕ್ಕೆ ಆಸರೆಯಾದ ಹೋಸ್ಟ್ ಕಂಪ್ಯೂಟರಿಗೆ ಹಿಂದಿರುಗಿಸುವ ವಿಧಾನಗಳಿಗೆ ಒಟ್ಟಾಗಿ ಈ ಹೆಸರು. ಫೈಲ್ ಅಳಿಸಿದರೆ ಜಾಗ ಬಿಡುವಾಗುತ್ತದೆ ಎಂಬುದು ಎಲ್ಲರ ಎಣಿಕೆ. ಆದರೆ ಅಳಿಸುವಾಗ ಫೈಲ್ ಸಿಸ್ಟಮ್ ಆ ಬ್ಲಾಕ್‌ಗಳು ಖಾಲಿ ಎಂದು ತನ್ನ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ, ಅಷ್ಟೆ. ದತ್ತಾಂಶ ಇದ್ದಲ್ಲೇ ಇರುತ್ತದೆ. ಆ ಲೆಕ್ಕವನ್ನು ಹೋಸ್ಟ್ ಓದುವುದಿಲ್ಲ. ಬಾಡಿಗೆಯವರು ಮನೆ ಖಾಲಿ ಮಾಡಿ ಹೋಗಿದ್ದಾರೆ, ಬೀಗದ ಕೈ ಮಾತ್ರ ಮಾಲೀಕರ ಕೈ ಸೇರಿಲ್ಲ. ಖಾಲಿಯಾದ ಸುದ್ದಿಯನ್ನು ಒಳಗಿನಿಂದ ಹೊರಕ್ಕೆ ಮುಟ್ಟಿಸಲು ಹುಡುಕಿದ ದಾರಿಗಳೇ ಈ ವಿಷಯದ ಇತಿಹಾಸ.

ಮೊದಲಿಗೆ ಈ ತೊಡಕು ಇರಲಿಲ್ಲ. 1972ರಲ್ಲಿ ಐಬಿಎಂ ಪ್ರಕಟಿಸಿದ ವಿಎಂ/370 ವ್ಯವಸ್ಥೆಯಲ್ಲಿ ಬಳಕೆದಾರರಿಗೆ ನಿಜವಾದ ಡಿಸ್ಕಿನ ಇಂತಿಷ್ಟು ಸಿಲಿಂಡರ್‌ಗಳನ್ನು ಅಳೆದು ‘ಮಿನಿಡಿಸ್ಕ್’ ಎಂದು ಕೊಡುತ್ತಿದ್ದರು. ತುಂಬಿರಲಿ, ಬರಿದಾಗಿರಲಿ, ಅದರ ಅಳತೆ ಅಷ್ಟೇ. ಪಿಸಿಗಳ ಕಾಲಕ್ಕೆ ಲೆಕ್ಕ ಬದಲಾಯಿತು. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಮತ್ತು ಅದೇ ಜಾಡಿನ ಸಾಫ್ಟ್‌ವೇರ್‌ಗಳಲ್ಲಿ ವರ್ಚುವಲ್ ಡಿಸ್ಕ್ ಎಂದರೆ ಹೋಸ್ಟ್‌ನಲ್ಲಿರುವ ಒಂದು ಫೈಲು. ಬರೆದಷ್ಟೂ ಬೆಳೆಯುವ ಈ ಫೈಲಿನಿಂದ ಚಿಕ್ಕ ಹಾರ್ಡ್ ಡಿಸ್ಕಿನಲ್ಲೂ ಹಲವು ಮಷೀನ್‌ಗಳನ್ನು ಇಟ್ಟುಕೊಳ್ಳುವುದು ಸಾಧ್ಯವಾಯಿತು. ಆದರೆ ಬೆಳೆದದ್ದು ತಾನಾಗಿ ಕುಗ್ಗುತ್ತಿರಲಿಲ್ಲ.

ಇದಕ್ಕೆ ಕಂಡುಕೊಂಡ ಮೊದಲ ಪರಿಹಾರ ಒರಟು, ಆದರೆ ಜಾಣತನದ್ದು. ವರ್ಚುವಲ್ ಮಷೀನಿನ, ಅಂದರೆ ‘ಗೆಸ್ಟ್’ನ, ಒಳಗೆ ಒಂದು ಫೈಲು ತೆರೆದು, ಖಾಲಿ ಜಾಗ ಮುಗಿಯುವವರೆಗೂ ಬರೀ ಸೊನ್ನೆ ತುಂಬಿ, ಆಮೇಲೆ ಅದನ್ನು ಅಳಿಸುವುದು. ಹೋಸ್ಟ್‌ಗೆ ಫೈಲ್ ಸಿಸ್ಟಮ್ ಅರ್ಥವಾಗದಿದ್ದರೂ ಸೊನ್ನೆಯ ಗುರುತು ಸಿಗುತ್ತದೆ. ಕುಗ್ಗಿಸುವ ಉಪಕರಣ ಸೊನ್ನೆಯ ಬ್ಲಾಕ್‌ಗಳನ್ನು ಕೈಬಿಡುತ್ತದೆ. ಸೊನ್ನೆ ತುಂಬಲು ವಿಂಡೋಸ್‌ನಲ್ಲಿ ಸಿಸ್‌ಇಂಟರ್ನಲ್ಸ್‌ನ ಎಸ್‌ಡಿಲೀಟ್, ಲಿನಕ್ಸ್‌ನಲ್ಲಿ ಡಿಡಿ ಮತ್ತು ಝೀರೋಫ್ರೀ ಬಳಕೆಗೆ ಬಂದವು. ಎಚ್ಚರ ತಪ್ಪಿದವರು ಇಲ್ಲಿ ಪೆಟ್ಟು ತಿಂದದ್ದುಂಟು. ಸೊನ್ನೆ ಬರೆಯುವುದೂ ಬರೆಯುವುದೇ ಆದ್ದರಿಂದ ಕುಗ್ಗುವ ಮೊದಲು ಡಿಸ್ಕ್ ಫೈಲು ಪೂರ್ತಿ ಗಾತ್ರಕ್ಕೆ ಊದಿಕೊಳ್ಳಬಹುದು. ಜಾಗವಿಲ್ಲವೆಂದು ಕೈಹಾಕಿದ ಕೆಲಸ ಇದ್ದಬದ್ದ ಜಾಗವನ್ನೂ ನುಂಗಬಹುದು. ಡಿಸ್ಕಿನ ಹಿಂದಿನ ಸ್ಥಿತಿಯನ್ನು ಕಾಯ್ದಿಡುವ ಸ್ನ್ಯಾಪ್‌ಶಾಟ್ ಇದ್ದರಂತೂ ಆ ಸೊನ್ನೆಗಳು ಅದರ ಬದಲಾವಣೆಯ ಫೈಲಿಗೇ ಹೋಗಿ ಸೇರುತ್ತವೆ. ಜಾಗ ಮರಳಿ ಬೇಕೆನ್ನುವವರು ಮೊದಲು ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ನೋಡಬೇಕಾದದ್ದು ಇದಕ್ಕಾಗಿಯೇ.

ನಿಜವಾದ ತಿರುವು ಬಂದದ್ದು ಬೇರೆ ಕ್ಷೇತ್ರದಿಂದ. ಯಾವ ಬ್ಲಾಕ್ ಬೇಡವಾಗಿದೆ ಎಂಬುದು ತಿಳಿಯದೆ ಎಸ್‌ಎಸ್‌ಡಿಗಳೂ ಕಷ್ಟಪಡುತ್ತಿದ್ದವು. ಅವುಗಳಿಗಾಗಿ ಎಟಿಎ ಮಾನಕದಲ್ಲಿ ‘ಟ್ರಿಮ್’ ಎಂಬ ಆದೇಶ ಬಂತು; ಸ್ಕಸಿ ಮಾನಕದಲ್ಲಿ ಅದೇ ಕೆಲಸಕ್ಕೆ ‘ಅನ್‌ಮ್ಯಾಪ್’ ಎಂಬುದಿದೆ. ‘ಈ ಬ್ಲಾಕ್ ನನಗೆ ಬೇಡ’ ಎಂದು ಡಿಸ್ಕಿಗೆ ಹೇಳುವ ಮಾತು ಅದು. ಲಿನಕ್ಸ್ ಕರ್ನಲ್ 2008ರ ಕೊನೆಗೆ, ವಿಂಡೋಸ್ 7 ಆವೃತ್ತಿ 2009ರಲ್ಲಿ ಈ ಮಾತು ಕಲಿತವು. ಡಿಸ್ಕ್ ವರ್ಚುವಲ್ ಆದಾಗಲೂ ಅದೇ ಮಾತು ಸಾಕಾಯಿತು. 2011ರ ಲಿನಕ್ಸ್ 2.6.38ರಲ್ಲಿ ಫೈಲಿನ ನಡುವಿನ ಭಾಗವನ್ನಷ್ಟೇ ತೆರವು ಮಾಡುವ ಸೌಲಭ್ಯವೂ ಸೇರಿದ್ದರಿಂದ, ಗೆಸ್ಟ್ ಬಿಟ್ಟ ಬ್ಲಾಕನ್ನು ಹೋಸ್ಟ್ ಆಗಲೇ ಮರಳಿ ಪಡೆಯುವ ದಾರಿ ತೆರೆಯಿತು.

ದತ್ತಾಂಶ ಕೇಂದ್ರಗಳಲ್ಲಿ ಇದರ ಅಗತ್ಯ ಇನ್ನೂ ಗಂಭೀರ. ಅಲ್ಲಿ ಇರುವುದಕ್ಕಿಂತ ಹೆಚ್ಚು ಜಾಗವನ್ನು ಮಷೀನ್‌ಗಳಿಗೆ ತೋರಿಸುವ ‘ಥಿನ್ ಪ್ರೊವಿಷನಿಂಗ್’ ರೂಢಿಯಲ್ಲಿದೆ. ಹಂಚಿಕೊಂಡ ಸಂಗ್ರಹ ಮುಗಿದರೆ ಅದರ ಮೇಲಿನ ಮಷೀನ್‌ಗಳೆಲ್ಲ ಒಟ್ಟಿಗೇ ನಿಲ್ಲಬಹುದು. 2011ರಲ್ಲಿ ವಿಎಂವೇರ್ ತನ್ನ ವಿಸ್ಫಿಯರ್ 5.0ರಲ್ಲಿ ಅನ್‌ಮ್ಯಾಪ್ ತಾನಾಗಿ ನಡೆಯುವಂತೆ ಮಾಡಿತು. ಹಲವು ಸ್ಟೋರೇಜ್ ಯಂತ್ರಗಳು ಆ ಆದೇಶಕ್ಕೆ ತೀರ ನಿಧಾನವಾಗಿ ಸ್ಪಂದಿಸಿದ್ದರಿಂದ ಅದನ್ನು ನಿಲ್ಲಿಸಿ, ಆಡಳಿತಗಾರರು ಕೈಯಾರೆ ಓಡಿಸುವ ಕಮಾಂಡ್ ಕೊಡಬೇಕಾಯಿತು. ಹಿನ್ನೆಲೆಯಲ್ಲಿ ಮೆಲ್ಲಗೆ ನಡೆಯುವ ಸ್ವಯಂಚಾಲಿತ ವಿಧಾನ ಮರಳಿದ್ದು 2016ರ 6.5 ಆವೃತ್ತಿಯಲ್ಲಿ, ವಿಎಂಎಫ್‌ಎಸ್ 6 ಎಂಬ ಫೈಲ್ ಸಿಸ್ಟಮ್ ಜೊತೆಗೆ. ಮೈಕ್ರೋಸಾಫ್ಟ್ 2012ರಲ್ಲಿ ತಂದ ವಿಎಚ್‌ಡಿಎಕ್ಸ್ ಎಂಬ ವರ್ಚುವಲ್ ಡಿಸ್ಕ್ ಫೈಲು ಟ್ರಿಮ್ ಬಲ್ಲದು. ಕ್ಯೂಎಂಯು ಎಂಬ ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಬಳಸುವವರಲ್ಲಿ ವರ್ಟ್‌ಐಒ ಬ್ಲಾಕ್ ಎಂಬ ಬಗೆಯ ವರ್ಚುವಲ್ ಡಿಸ್ಕಿಗೆ ಈ ಸೌಲಭ್ಯ ಸಿಗಲು 2019 ಆಗಬೇಕಾಯಿತು.

ಗೂಢಲಿಪೀಕರಿಸಿದ ಡಿಸ್ಕ್‌ಗಳ ಮಾತು ಬೇರೆ. ಲಿನಕ್ಸ್‌ನ ಡಿಎಂ-ಕ್ರಿಪ್ಟ್ 2011ರಿಂದ ಟ್ರಿಮ್ ಆದೇಶವನ್ನು ದಾಟಿಸಬಲ್ಲದು, ಆದರೆ ಕೇಳದೆ ದಾಟಿಸುವುದಿಲ್ಲ. ಯಾವ ಬ್ಲಾಕ್ ಖಾಲಿ ಎಂಬುದೂ ಗುಟ್ಟಿನ ಭಾಗ. ಈ ಎಚ್ಚರಿಕೆ ಸರಿಯಾದದ್ದೇ.

ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ 2 ಬಂದ ಮೇಲೆ ಈ ಸಮಸ್ಯೆ ಸಾಮಾನ್ಯ ಪ್ರೋಗ್ರಾಮರ್‌ಗಳ ಲ್ಯಾಪ್‌ಟಾಪಿಗೂ ಬಂತು. ಅದರ ಡಿಸ್ಕ್ ಫೈಲು ಬೆಳೆಯುತ್ತಲೇ ಹೋಗುತ್ತಿತ್ತು. ಎಲ್ಲ ನಿಲ್ಲಿಸಿ, ಡಿಸ್ಕ್‌ಪಾರ್ಟ್‌ನಂತಹ ಉಪಕರಣದಿಂದ ಕುಗ್ಗಿಸಬೇಕಿತ್ತು. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟಿನವರು ತಾನಾಗಿ ಕುಗ್ಗುವ ಫೈಲನ್ನು ಪ್ರಾಯೋಗಿಕವಾಗಿ ಕೊಟ್ಟರು. ಮುಂದೆ ದತ್ತಾಂಶ ಕೆಡುವ ಸಂಭವ ಕಂಡು ಅದಕ್ಕೆ ತಡೆ ಹಾಕಿದರು. ಅಪಾಯ ಒಪ್ಪಿಕೊಂಡೆವೆಂದು ಕಮಾಂಡಿನಲ್ಲೇ ಬರೆದವರಿಗೆ ಮಾತ್ರ ಅದನ್ನು ತೆರೆದಿಟ್ಟರು.